ಶಾಕುಂತಲದ ಬೆಸ್ತನ ಮಾತು ಎಲ್ಲಿ ಹೋಯ್ತು?

ಗೂಗಲ್‌ನಲ್ಲಿ ‘ಅಭಿಜ್ಞಾನ ಶಾಕುಂತಲ’ ಅಂತ ಟೈಪ್ ಮಾಡಿ ನೋಡಿ. ಸಾಮಗ್ರಿಗೆ ಬರವಂತೂ ಇಲ್ಲ. ಪರೀಕ್ಷೆಗೆ ಓದುವವರಿಗೆ ಅಂತ ಮಾಡಿದ ಸಾರಾಂಶಗಳು, ಹತ್ತು ನಿಮಿಷದಲ್ಲಿ ಏಳು ಅಂಕ ಹೇಳಿ ಮುಗಿಸುವ ವಿಡಿಯೊಗಳು, ರವಿವರ್ಮನ ಶಕುಂತಲೆಯನ್ನು ಮೇಲೆ ಅಂಟಿಸಿಕೊಂಡ ಲೇಖನಗಳು, ಸ್ಪರ್ಧಾತ್ಮಕ ಪರೀಕ್ಷೆಯ ನೋಟ್ಸು. ಇಷ್ಟೆಲ್ಲ ಇದ್ದೂ, ‘ಈ ನಾಟಕವನ್ನು ಒಮ್ಮೆ ಸರಿಯಾಗಿ ಓದಿಬಿಡೋಣ’ ಅಂತ ಕೂತವರಿಗೆ ಒಂದು ವಾರ ಕಳೆದರೂ ನಾಟಕ ಸಿಕ್ಕಿರುವುದಿಲ್ಲ. ನಾಟಕದ ಬಗ್ಗೆ ಹೇಳುವ ಮಾತುಗಳು ಮಾತ್ರ ಬೇಕಾದಷ್ಟು ಸಿಕ್ಕಿರುತ್ತವೆ.

ನಾನು ಈ ಬರಹ ಬರೀತಿರೋದು ನನ್ನಂಥವರಿಗೆ. ಅಂದರೆ ಬಿಇ, ಬಿಕಾಂ, ಎಂಬಿಎ ಅಂತ ಮಾಡಿಕೊಂಡು, ಕನ್ನಡವನ್ನು ಪಿಯುಸಿಗೇ ಬಿಟ್ಟು, ಸಂಸ್ಕೃತವನ್ನು ಮಾರ್ಕ್ಸಿಗಷ್ಟೇ ಓದಿ ಅಥವಾ ಓದದೆಯೇ ಕೆಲಸಕ್ಕೆ ಸೇರಿದವರಿಗೆ. ನಮಗೆ ಮೇಷ್ಟ್ರಿಲ್ಲ, ಲೈಬ್ರರಿಗೆ ಹೋಗುವಷ್ಟು ಪುರಸೊತ್ತಿಲ್ಲ. ಮೆಟ್ರೋದಲ್ಲೋ ರಾತ್ರಿ ಊಟ ಆದ ಮೇಲೋ ಮೊಬೈಲಿನಲ್ಲಿ ಓದಬೇಕು. ಆದ್ದರಿಂದ ಆನ್‌ಲೈನ್‌ನಲ್ಲಿ ಸಿಗುವುದೇ ನಮ್ಮ ಪಾಲಿನ ಶಾಕುಂತಲ. ಅದು ಎಂಥದ್ದು ಅಂತ ವಿಮರ್ಶೆ ಮಾಡಬೇಕಾದ್ದು ಅದಕ್ಕೇ.

ಹೊಸ ತಾಣ, ಹೊಸ ಅನುವಾದ, ಹೊಸ ವಿಡಿಯೊ ಯಾವುದು ಸಿಕ್ಕರೂ ನಾನು ಮೊದಲು ನೋಡೋದು ಒಂದೇ ಜಾಗ. ನಾಲ್ಕನೇ ಅಂಕದಲ್ಲಿ ಶಕುಂತಲೆ ಗಂಡನ ಮನೆಗೆ ಹೊರಡುವ ಭಾಗ ಅಲ್ಲ. ಅದನ್ನು ಎಲ್ಲರೂ ಚೆನ್ನಾಗಿಯೇ ಮಾಡಿರುತ್ತಾರೆ, ಯಾಕೆಂದರೆ ನಾಟಕಗಳಲ್ಲಿ ಶಾಕುಂತಲ, ಅದರಲ್ಲಿ ನಾಲ್ಕನೇ ಅಂಕ, ಅದರಲ್ಲೂ ನಾಲ್ಕು ಶ್ಲೋಕ ಅಂತ ಪಂಡಿತರು ಹಿಂದಿನಿಂದ ಹೇಳಿಕೊಂಡು ಬಂದಿದ್ದಾರೆ. ನಾನು ನೋಡೋದು ಆರನೇ ಅಂಕದ ಶುರುವಿನಲ್ಲಿ ಬರುವ ಪುಟ್ಟ ಪ್ರವೇಶಕವನ್ನು. ಬೆಸ್ತನ ದೃಶ್ಯ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ದುಷ್ಯಂತ ಕೊಟ್ಟ ಉಂಗುರವನ್ನು ಶಕುಂತಲೆ ನೀರಿನಲ್ಲಿ ಕಳೆದುಕೊಂಡಿದ್ದಾಳೆ. ರಾಜನ ಹೆಸರಿದ್ದ ಆ ಉಂಗುರ ಶಕ್ರಾವತಾರದ ಒಬ್ಬ ಬೆಸ್ತನ ಹತ್ತಿರ ಸಿಕ್ಕಿದೆ. ಇಬ್ಬರು ಪೇದೆಗಳು ಅವನ ಕೈಯನ್ನು ಹಿಂದಕ್ಕೆ ಕಟ್ಟಿ, ಹೊಡೆಯುತ್ತಾ ತರುತ್ತಾರೆ. ಜೊತೆಗೆ ಅವರ ಮೇಲಧಿಕಾರಿ. ಅವನು ರಾಜನ ಭಾವಮೈದ ಬೇರೆ! ಬೆಸ್ತ ತನ್ನ ಕಸುಬು ಹೇಳಿದಾಗ ಅಧಿಕಾರಿ, ಭಾರಿ ಶುದ್ಧವಾದ ಜೀವನೋಪಾಯ ಅಂತ ಗೇಲಿ ಮಾಡುತ್ತಾನೆ. ಬೆಸ್ತ ಸುಮ್ಮನಿರುವುದಿಲ್ಲ. ಹುಟ್ಟಿನಿಂದ ಬಂದ ಕಸುಬನ್ನು ಯಾರೂ ಬಿಡಬಾರದು, ಯಜ್ಞದಲ್ಲಿ ಪಶುವನ್ನು ಕೊಲ್ಲುವ ಶ್ರೋತ್ರಿಯ ಕೂಡ ಮನಸ್ಸಿನಲ್ಲಿ ದಯೆ ಇರುವವನೇ ಅಲ್ಲವೇ ಎಂಬ ಅರ್ಥದ ಉತ್ತರ ಕೊಡುತ್ತಾನೆ. ಕೈ ಕಟ್ಟಿಸಿಕೊಂಡು, ಏಟು ತಿನ್ನುತ್ತಾ ನಿಂತ ಮನುಷ್ಯನ ಬಾಯಲ್ಲಿ ಇಂಥ ಮಾತು. ಅಧಿಕಾರಿ ಅರಮನೆಗೆ ಹೋಗಿ ಬರುವಷ್ಟರಲ್ಲಿ ಪೇದೆಗಳಿಗೆ ಇವನನ್ನು ಯಾವಾಗ ವಧಾಸ್ಥಾನಕ್ಕೆ ಒಯ್ಯುತ್ತೇವೋ ಅಂತ ಕೈ ತುರಿಸುತ್ತಿರುತ್ತದೆ. ಆದರೆ ರಾಜ ಉಂಗುರದ ಬೆಲೆಯಷ್ಟು ಹಣ ಕೊಟ್ಟು ಕಳಿಸುತ್ತಾನೆ. ಪೇದೆಗಳ ಮುಖ ಸಪ್ಪಗಾಗುತ್ತದೆ. ಬೆಸ್ತ ಅರ್ಧ ಹಣವನ್ನು ಅವರ ಕೈಗಿಡುತ್ತಾನೆ. ಅಧಿಕಾರಿ ತಕ್ಷಣ, ಇವತ್ತಿನಿಂದ ನೀನು ನನ್ನ ಪ್ರಿಯಮಿತ್ರ ಅಂತ ಹೇಳಿ ಎಲ್ಲರನ್ನೂ ಹೆಂಡದಂಗಡಿಗೆ ಕರೆದೊಯ್ಯುತ್ತಾನೆ. ಸಾವಿರದೈನೂರು ವರ್ಷದ ಹಿಂದಿನ ದೃಶ್ಯ ಅಂದರೆ ನಂಬೋಕೆ ಕಷ್ಟ, ಅಲ್ವಾ?

ಈಗ ಮುಖ್ಯ ವಿಷಯಕ್ಕೆ ಬರೋಣ. ಈ ಬೆಸ್ತ ಸಂಸ್ಕೃತ ಮಾತಾಡೋದಿಲ್ಲ. ಅವನದು ಮಾಗಧಿ ಪ್ರಾಕೃತ. ಅದರಲ್ಲಿ ‘ರ’ಕಾರವೆಲ್ಲ ‘ಲ’ ಆಗುತ್ತದೆ, ‘ಸ’ಕಾರ ‘ಶ’ ಆಗುತ್ತದೆ. ಬಾಯಿ ತೆರೆದ ಕೂಡಲೇ ಇವನು ಎಲ್ಲಿಯವನು, ಯಾವ ವರ್ಗದವನು ಅಂತ ನೋಡುವವರಿಗೆ ಗೊತ್ತಾಗಲಿ ಅಂತಲೇ ಕಾಳಿದಾಸ ಹಾಗೆ ಬರೆದಿದ್ದಾನೆ. ಸಂಸ್ಕೃತ ನಾಟಕ ಅಂತ ನಾವು ಕರೆಯುವುದು ನಿಜವಾಗಿ ಹಲವು ಭಾಷೆಗಳ ನಾಟಕ. ರಾಜ, ಋಷಿ, ಮಂತ್ರಿಗಳಿಗೆ ಸಂಸ್ಕೃತ. ಹೆಂಗಸರಿಗೆ ಮತ್ತು ವಿದೂಷಕನಿಗೆ ಶೌರಸೇನಿ ಪ್ರಾಕೃತ. ಹಾಡುಗಳಿಗೆ ಹೆಚ್ಚಾಗಿ ಮಾಹಾರಾಷ್ಟ್ರಿ. ಬೆಸ್ತ, ಪೇದೆಗಳಂಥವರಿಗೆ ಮಾಗಧಿ. ಯಾರು ಯಾವ ಭಾಷೆ ಆಡಬೇಕು ಅಂತ ನಾಟ್ಯಶಾಸ್ತ್ರವೇ ನಿಯಮ ಹಾಕಿಕೊಟ್ಟಿದೆ.

ಹಳ್ಳಿಯಲ್ಲಿ ಬಯಲಾಟ ನೋಡಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ದೊಡ್ಡಾಟದಲ್ಲಿ ರಾಜ ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ಬಂದು ಗ್ರಾಂಥಿಕ ಭಾಷೆಯಲ್ಲಿ ಗುಡುಗುತ್ತಾನೆ. ಪಕ್ಕದಲ್ಲಿ ನಿಂತ ಸಾರಥಿ ಊರಿನ ಮಾತಿನಲ್ಲಿ ಅವನ ಕಾಲೆಳೆಯುತ್ತಾನೆ. ಜನ ನಗೋದು ಸಾರಥಿಯ ಮಾತಿಗೆ. ನಮ್ಮೂರ ಕಡೆ ಇಡೀ ಆಟ ಮರೆತವರಿಗೂ ಸಾರಥಿ ಅಂದ ಒಂದು ಮಾತು ನೆನಪಿರುತ್ತದೆ. ಸಾರಥಿಯ ಮಾತನ್ನೂ ರಾಜನ ಮಾತಿನ ಹಾಗೆ ‘ತಿದ್ದಿ’ ಒಂದು ಪುಸ್ತಕ ಮಾಡಿದರೆ ಹೇಗಿರುತ್ತದೆ ಊಹಿಸಿಕೊಳ್ಳಿ. ಆನ್‌ಲೈನ್‌ನಲ್ಲಿ ಶಾಕುಂತಲಕ್ಕೆ ಆಗಿರುವುದು ಬಹುಮಟ್ಟಿಗೆ ಇದೇ.

ಹೇಗೆ ಅಂತೀರಾ? ಪ್ರಾಕೃತದ ಮಾತು ಓದುಗರಿಗೆ ಕಷ್ಟ ಅಂತ ಹಳೆಯ ವ್ಯಾಖ್ಯಾನಕಾರರೂ ಸಂಪಾದಕರೂ ಅದರ ಪಕ್ಕ ಅಥವಾ ಕೆಳಗೆ ಸಂಸ್ಕೃತ ರೂಪ ಕೊಡುತ್ತಿದ್ದರು. ಅದಕ್ಕೆ ‘ಛಾಯೆ’ ಅಂತ ಹೆಸರು. ಒಳ್ಳೆಯ ಹೆಸರು, ಅದು ನೆರಳು ಮಾತ್ರ, ಮೂಲ ಅಲ್ಲ ಅಂತ ಹೆಸರೇ ಹೇಳುತ್ತದೆ. ಪುಸ್ತಕದಲ್ಲಿ ಎರಡೂ ಇರುತ್ತಿದ್ದವು. ಅದನ್ನು ಟೈಪ್ ಮಾಡಿ ನೆಟ್ಟಿಗೆ ಹಾಕುವಾಗ ಹಲವರು ಛಾಯೆಯನ್ನು ಇಟ್ಟುಕೊಂಡು ಪ್ರಾಕೃತವನ್ನು ಬಿಟ್ಟರು. ನಾನು ನೋಡಿದ ಹಲವು ಪಠ್ಯಗಳಲ್ಲಿ, ಮೊಬೈಲ್ ಆ್ಯಪ್‌ಗಳಲ್ಲಿ ಬೆಸ್ತ ದುಷ್ಯಂತನಷ್ಟೇ ಠಾಕುಠೀಕಾದ ಸಂಸ್ಕೃತ ಮಾತಾಡುತ್ತಾನೆ. ಇಂಗ್ಲಿಷ್ ಅನುವಾದಕ್ಕೆ ಹೋದರೆ ಅಲ್ಲೂ ಸಾಮಾನ್ಯವಾಗಿ ಎಲ್ಲರದ್ದೂ ಒಂದೇ ಇಂಗ್ಲಿಷ್.

ಇಂಥ ಪಠ್ಯವನ್ನು ಹಿಡಿಯೋಕೆ ಒಂದು ಸುಲಭದ ಪರೀಕ್ಷೆ ಇದೆ. ನಾಲ್ಕನೇ ಅಂಕದಲ್ಲಿ, ಕಣ್ವರಿಗೆ ಅಶರೀರವಾಣಿ ಏನು ಹೇಳಿತು ಅನ್ನೋದನ್ನು ಪ್ರಿಯಂವದೆ ಗೆಳತಿಗೆ ವರದಿ ಮಾಡುತ್ತಾಳೆ. ಆ ಶ್ಲೋಕ ಸಂಸ್ಕೃತದಲ್ಲಿದೆ. ಆದ್ದರಿಂದ ಅಲ್ಲಿ, ಅವಳು ಈಗ ಸಂಸ್ಕೃತ ಬಳಸುತ್ತಾಳೆ ಎಂಬ ರಂಗಸೂಚನೆ ಇದೆ. ಪ್ರಾಕೃತ ಕಿತ್ತುಹಾಕಿದ ಪಠ್ಯದಲ್ಲೂ ಈ ಸೂಚನೆ ಹಾಗೇ ಉಳಿದಿರುತ್ತದೆ! ಮೊದಲಿನಿಂದ ಸಂಸ್ಕೃತವನ್ನೇ ಆಡುತ್ತಿರುವ ಹುಡುಗಿ ಈಗ ಯಾಕೆ ‘ಸಂಸ್ಕೃತಕ್ಕೆ’ ಬದಲಾಗಬೇಕು? ಫಂಕ್ಷನ್ ಅಳಿಸಿ ಅದರ ಕಾಮೆಂಟ್ ಅಳಿಸೋದು ಮರೆತ ಕೋಡ್ ಥರ. ಇದು ಕಂಡರೆ ಆ ಪಠ್ಯವನ್ನು ಅಲ್ಲಿಗೇ ಮುಚ್ಚಬಹುದು.

ಬೆಸ್ತನ ಮಾತು ಹೋದರೆ ಒಂದು ಸಣ್ಣ ಹಾಸ್ಯ ದೃಶ್ಯ ಹೋಯಿತು ಅಂತ ಕೆಲವರು ಹೇಳಬಹುದು. ಹಾಗಾದರೆ ಶಕುಂತಲೆಯನ್ನು ನೋಡಿ. ನಾಟಕದ ಹೆಸರಿನಲ್ಲೇ ಇರುವವಳು, ವಿಶ್ವಾಮಿತ್ರನ ಮಗಳು, ಕಣ್ವರ ಆಶ್ರಮದಲ್ಲಿ ಬೆಳೆದವಳು. ಅವಳು ಆಡುವುದು ಪ್ರಾಕೃತ. ಮೂರನೇ ಅಂಕದಲ್ಲಿ ಅವಳು ಬರೆಯುವ ಪ್ರೇಮಪತ್ರದ ಪದ್ಯ ಪ್ರಾಕೃತ. ಐದನೇ ಅಂಕದಲ್ಲಿ ತುಂಬಿದ ಸಭೆಯಲ್ಲಿ ದುಷ್ಯಂತ ಅವಳನ್ನು ಗೊತ್ತೇ ಇಲ್ಲ ಅಂದುಬಿಟ್ಟು, ಹೆಂಗಸರ ಕಪಟ ಕಲಿಸದೆಯೇ ಬರುವಂಥದ್ದು ಅಂತ ಕೋಗಿಲೆಯ ಉದಾಹರಣೆ ಕೊಟ್ಟು ಶ್ಲೋಕ ಹೇಳಿದಾಗ ಅವಳು ಸಿಟ್ಟಿನಿಂದ ಕೂಗುವ ಒಂದೇ ಪದ ‘ಅಣಜ್ಜ’. ಛಾಯೆಯಲ್ಲಿ ಅದು ‘ಅನಾರ್ಯ’ ಆಗಿದೆ. ಅರ್ಥ ಒಂದೇ, ನಿಜ. ಆದರೆ ಆ ಸಭೆಯಲ್ಲಿ ಗಂಡಸರೆಲ್ಲ ಸಂಸ್ಕೃತದಲ್ಲಿ ವಾದ ಮಾಡುತ್ತಿದ್ದಾರೆ. ರಾಜ, ಪುರೋಹಿತ, ಅವಳ ಜೊತೆ ಬಂದ ಋಷಿಕುಮಾರರೂ ಅಷ್ಟೇ. ಅವಳು ಮತ್ತು ಗೌತಮಿ ಮಾತ್ರ ಮನೆಮಾತಿನಲ್ಲಿ ನಿಂತು ಉತ್ತರ ಕೊಡಬೇಕು. ಅಧಿಕಾರದ ಭಾಷೆ ಒಂದು, ನೋವಿನ ಭಾಷೆ ಇನ್ನೊಂದು. ದೊಡ್ಡ ಮೀಟಿಂಗ್ ರೂಮಿನಲ್ಲಿ ಎಲ್ಲರೂ ಸರಾಗವಾಗಿ ಇಂಗ್ಲಿಷ್ ಮಾತಾಡುವಾಗ ಹಳ್ಳಿಯಿಂದ ಬಂದವನೊಬ್ಬ ತನ್ನದು ತಪ್ಪಿಲ್ಲ ಅಂತ ಹೇಳಲು ತಡವರಿಸಿದ್ದನ್ನು ನೋಡಿದವರಿಗೆ ಈ ದೃಶ್ಯ ಬೇರೆಯೇ ಥರ ತಾಗುತ್ತದೆ. ಆನ್‌ಲೈನ್ ಶಾಕುಂತಲ ನಮ್ಮಿಂದ ಕಿತ್ತುಕೊಂಡಿರುವುದು ಇದನ್ನು.

ಎರಡನೇ ತೊಂದರೆ, ಯಾವ ಶಾಕುಂತಲ ಅನ್ನೋದು. ಕಾಳಿದಾಸ ತನ್ನ ಕೈಯಾರೆ ಬರೆದ ಪ್ರತಿ ನಮಗೆ ಉಳಿದಿಲ್ಲ. ಉಳಿದಿರುವುದು ಬೇರೆ ಬೇರೆ ಪ್ರಾಂತ್ಯಗಳ ಹಸ್ತಪ್ರತಿ ಪರಂಪರೆಗಳು. ಬಂಗಾಳಿ ಪಾಠ, ದೇವನಾಗರಿ ಪಾಠ, ಕಾಶ್ಮೀರಿ ಪಾಠ, ದಾಕ್ಷಿಣಾತ್ಯ ಪಾಠ, ಮೈಥಿಲ ಪಾಠ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಒಂದೇ ರೆಪೊದ ಐದು ಫೋರ್ಕ್. ಬಂಗಾಳಿ ಪಾಠದಲ್ಲಿ ಸುಮಾರು 220 ಪದ್ಯಗಳಿವೆ, ದೇವನಾಗರಿಯಲ್ಲಿ 190 ಚಿಲ್ಲರೆ. ದೊಡ್ಡ ವ್ಯತ್ಯಾಸ ಇರೋದು ಮೂರನೇ ಅಂಕದಲ್ಲಿ. ಬಂಗಾಳಿ ಪಾಠದಲ್ಲಿ ದುಷ್ಯಂತ–ಶಕುಂತಲೆಯರ ಏಕಾಂತ ದೀರ್ಘವಾಗಿದೆ, ದೇವನಾಗರಿಯಲ್ಲಿ ಅದು ಬೇಗ ಮುಗಿಯುತ್ತದೆ.

ವಿಲಿಯಂ ಜೋನ್ಸ್ 1789ರಲ್ಲಿ ಕಲ್ಕತ್ತೆಯಲ್ಲಿ ಪ್ರಕಟಿಸಿದ ‘ಸಕೊಂತಲಾ ಆರ್ ದಿ ಫೇಟಲ್ ರಿಂಗ್’ ಬಂಗಾಳಿ ಪಾಠವನ್ನು ಆಧರಿಸಿದ್ದು. ಅವನು ಮೊದಲು ಲ್ಯಾಟಿನ್‌ಗೆ, ಅಲ್ಲಿಂದ ಇಂಗ್ಲಿಷಿಗೆ ತಂದ. 1791ರಲ್ಲಿ ಗೇಯಾರ್ಗ್ ಫೋರ್ಸ್ಟರ್ ಆ ಇಂಗ್ಲಿಷನ್ನು ಜರ್ಮನ್‌ಗೆ ತಂದ. ಗಯಟೆ ಓದಿ ಮೆಚ್ಚಿದ್ದು ಅದನ್ನು. ಅಂದರೆ ‘ಗಯಟೆ ಶಾಕುಂತಲವನ್ನು ಹೊಗಳಿದ’ ಅಂತ ಪ್ರತಿ ಲೇಖನದಲ್ಲೂ ಬರುವ ವಾಕ್ಯದ ಹಿಂದೆ ಅನುವಾದದ ಅನುವಾದದ ಅನುವಾದ ಇದೆ. ಮುಂದೆ ಮೋನಿಯರ್ ವಿಲಿಯಮ್ಸ್ 1853ರಲ್ಲಿ ದೇವನಾಗರಿ ಪಾಠವನ್ನು ಸಂಪಾದಿಸಿದ. ಪಿಶೆಲ್ 1877ರಲ್ಲಿ ಬಂಗಾಳಿ ಪಾಠದ ಪರ ನಿಂತು ಅದನ್ನು ಸಂಪಾದಿಸಿದ. ಕಾಶ್ಮೀರಿ ಪಾಠ ಸೋಮದೇವ ವಾಸುದೇವ ಅವರ ಅನುವಾದದೊಂದಿಗೆ 2006ರಲ್ಲಿ ಕ್ಲೇ ಸಂಸ್ಕೃತ ಲೈಬ್ರರಿಯಲ್ಲಿ ಬಂತು. ಈ ಪಂಡಿತರ ಜಗಳ ನಮಗ್ಯಾಕೆ ಅಂದರೆ, ನೀವು ಒಂದು ತಾಣದಲ್ಲಿ ಮೂಲ, ಇನ್ನೊಂದರಲ್ಲಿ ಅನುವಾದ ಇಟ್ಟುಕೊಂಡು ಓದಲು ಕೂತರೆ ಮೂರನೇ ಅಂಕದ ಹೊತ್ತಿಗೆ ಎರಡೂ ಹೊಂದಿಕೆಯಾಗುವುದು ನಿಲ್ಲುತ್ತದೆ. ಆಗ ‘ನನಗೆ ಸಂಸ್ಕೃತ ಬರಲ್ಲ, ಅದಕ್ಕೇ ಹೀಗೆ’ ಅಂತ ಕೈಬಿಟ್ಟವರು ಎಷ್ಟು ಜನವೋ. ತೊಂದರೆ ನಿಮ್ಮದಲ್ಲ, ವರ್ಷನ್ ನಂಬರ್ ಹಾಕದೆ ರಿಲೀಸ್ ಮಾಡಿದವರದ್ದು.

ಹಾಗಾಗಿ ಯಾವುದೇ ಪಠ್ಯ ಓದುವ ಮುಂಚೆ ಕೇಳಬೇಕಾದ ಮೊದಲ ಪ್ರಶ್ನೆ: ಇದನ್ನು ಯಾವ ಮುದ್ರಿತ ಆವೃತ್ತಿಯಿಂದ ತೆಗೆದದ್ದು? ಉತ್ತರ ಕೊಡದ ತಾಣ ನೋಡಲು ಎಷ್ಟೇ ಚಂದ ಇರಲಿ, ಎರಡನೇ ದರ್ಜೆಯದು. ಜರ್ಮನಿಯ ಗ್ಯೋಟಿಂಗೆನ್ ವಿಶ್ವವಿದ್ಯಾಲಯದ ‘ಗ್ರೆಟಿಲ್’ ಭಂಡಾರ ನೋಡೋಕೆ ತೊಂಬತ್ತರ ದಶಕದ ಸೈಟಿನ ಥರ ಇದೆ. ಬಣ್ಣ ಇಲ್ಲ, ಚಿತ್ರ ಇಲ್ಲ. ಆದರೆ ಪಠ್ಯಗಳ ತಲೆಬರಹದಲ್ಲಿ ಮೂಲ ಯಾವುದು, ಟೈಪ್ ಮಾಡಿದ್ದು ಯಾರು ಅಂತ ಬರೆಯುವ ಶಿಸ್ತು ಅಲ್ಲಿದೆ. ಒಳ್ಳೆಯ ಸಾಮಗ್ರಿಯ ಗುರುತು ಇದೇ ಅಂತ ನನ್ನ ಲೆಕ್ಕ.

ಇನ್ನು ಇಂಟರ್ನೆಟ್ ಆರ್ಕೈವ್. ಇದು ನಿಜವಾದ ಗಣಿ. ರಾಘವಭಟ್ಟನ ‘ಅರ್ಥದ್ಯೋತನಿಕಾ’ ವ್ಯಾಖ್ಯಾನ ಇರುವ ಹಳೆಯ ಮುದ್ರಣ, ಎಂ.ಆರ್. ಕಾಳೆ ಅವರ ಟಿಪ್ಪಣಿಗಳಿರುವ ಪುಸ್ತಕ, ಮೋನಿಯರ್ ವಿಲಿಯಮ್ಸ್, ಪಿಶೆಲ್ ಎಲ್ಲ ಸ್ಕ್ಯಾನ್ ಆಗಿ ಕೂತಿವೆ. ನಮ್ಮಂಥ ಹೊಸಬರಿಗೆ ಕಾಳೆ ಸಾಕು. ಪ್ರಾಕೃತ, ಛಾಯೆ, ಇಂಗ್ಲಿಷ್ ಅನುವಾದ, ಟಿಪ್ಪಣಿ ಎಲ್ಲ ಒಂದೇ ಪುಸ್ತಕದಲ್ಲಿವೆ. ನೂರು ವರ್ಷದ ಹಿಂದೆ ಕಾಲೇಜು ಹುಡುಗರಿಗೆಂದು ಬರೆದದ್ದು, ಇವತ್ತಿಗೂ ಅದರಷ್ಟು ತಾಳ್ಮೆ ಇರುವ ಆನ್‌ಲೈನ್ ಪಾಠ ನನಗೆ ಸಿಕ್ಕಿಲ್ಲ. ಸಮಸ್ಯೆ ಇರೋದು ಹುಡುಕೋದರಲ್ಲಿ. ರೋಮನ್ ಲಿಪಿಯಲ್ಲಿ ‘ಶಾಕುಂತಲ’ವನ್ನು ಒಬ್ಬೊಬ್ಬರು ಒಂದೊಂದು ಥರ ಬರೆದಿದ್ದಾರೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಿಂದ ಬಂದ ಸ್ಕ್ಯಾನ್‌ಗಳಲ್ಲಂತೂ ಪುಸ್ತಕದ ಹೆಸರು, ಲೇಖಕರ ಹೆಸರು ಚಿಂದಿ ಆಗಿರುತ್ತವೆ. ನಾಟಕದ ಹೆಸರಿನಿಂದ ಸಿಗದಿದ್ದರೆ ಸಂಪಾದಕರ ಹೆಸರಿನಿಂದ ಹುಡುಕಿ. ಹತ್ತರಲ್ಲಿ ಎಂಟು ಸಲ ಸಿಗುತ್ತದೆ.

ಪದದ ಅರ್ಥಕ್ಕೆ ಜರ್ಮನಿಯ ಕಲೋನ್ ವಿಶ್ವವಿದ್ಯಾಲಯದವರ ಸಂಸ್ಕೃತ ನಿಘಂಟುಗಳ ತಾಣ ಇದೆ. ಅದೇ ಮೋನಿಯರ್ ವಿಲಿಯಮ್ಸ್‌ನ 1899ರ ನಿಘಂಟು, ಆಪ್ಟೆ ಅವರದ್ದು ಎಲ್ಲವನ್ನೂ ಅಲ್ಲಿ ಹುಡುಕಬಹುದು. ಸಂಧಿ ಬಿಡಿಸೋಕೆ ಫ್ರಾನ್ಸಿನ ಜೆರಾರ್ ಹ್ಯೂಯೆ ಮಾಡಿದ ‘ಸಂಸ್ಕೃತ ಹೆರಿಟೇಜ್’ ತಾಣ. ಕಂಪ್ಯೂಟರ್ ವಿಜ್ಞಾನಿಯೊಬ್ಬ ವ್ಯಾಕರಣವನ್ನು ಎಷ್ಟು ಗೌರವದಿಂದ ಕೋಡ್ ಮಾಡಬಹುದು ಅಂತ ನೋಡಲಿಕ್ಕಾದರೂ ಒಮ್ಮೆ ಅಲ್ಲಿಗೆ ಹೋಗಬೇಕು. ಆದರೆ ಗಮನಿಸಿ, ಅದು ಬಿಡಿಸೋದು ಸಂಸ್ಕೃತವನ್ನು. ಶಕುಂತಲೆಯ ಮಾತನ್ನಾಗಲಿ ಬೆಸ್ತನ ಮಾತನ್ನಾಗಲಿ ಅಲ್ಲಿ ಹಾಕಿದರೆ ಪ್ರಯೋಜನ ಇಲ್ಲ. ಉಪಕರಣಗಳ ಲೋಕದಲ್ಲೂ ರಾಜನಿಗೇ ಮೊದಲ ಮಣೆ. ಪ್ರಾಕೃತಕ್ಕೆ ಹರಗೋವಿಂದದಾಸ ಸೇಠ್ ಅವರ ‘ಪಾಇಅ ಸದ್ದ ಮಹಣ್ಣವೋ’ ಎಂಬ ದೊಡ್ಡ ಪ್ರಾಕೃತ–ಹಿಂದಿ ಕೋಶ ಸ್ಕ್ಯಾನ್ ರೂಪದಲ್ಲಿ ಇದೆ. ಪುಟ ತಿರುವಿ ಹುಡುಕಬೇಕು, ಅಷ್ಟೇ.

ಇಂಗ್ಲಿಷ್ ಅನುವಾದಗಳ ಬಗ್ಗೆ ಒಂದು ಎಚ್ಚರ. ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪುಕ್ಕಟೆ ಸಿಗೋದು ಆರ್ಥರ್ ರೈಡರ್ 1912ರಲ್ಲಿ ಮಾಡಿದ್ದು. ಓದೋಕೆ ಸರಾಗ, ಆದರೆ ಶ್ಲೋಕಗಳಿಗೆಲ್ಲ ಅಂತ್ಯಪ್ರಾಸ ಕಟ್ಟಿದ ಕಾರಣ ಕೆಲವು ಕಡೆ ಹಳೆಯ ಇಂಗ್ಲಿಷ್ ಪದ್ಯಪುಸ್ತಕ ಓದಿದ ಹಾಗಾಗುತ್ತದೆ. ಇವತ್ತಿನ ಓದುಗರಿಗೆ ಇದಕ್ಕಿಂತ ಹತ್ತಿರವಾದ ಬಾರ್ಬರಾ ಸ್ಟೋಲರ್ ಮಿಲ್ಲರ್ ಅವರ ಸಂಪುಟ 1984ರದ್ದು, ಕಾಪಿರೈಟ್ ಇದೆ, ಕೊಂಡು ಓದಬೇಕು. ಇದರ ಪರಿಣಾಮ ಏನು ಅಂದರೆ, ಪುಕ್ಕಟೆ ನೆಟ್ಟಿನಲ್ಲಿರುವ ಶಾಕುಂತಲ ಹೆಚ್ಚಾಗಿ ಹತ್ತೊಂಬತ್ತನೇ ಶತಮಾನದ ಮತ್ತು ಇಪ್ಪತ್ತರ ಶುರುವಿನ ಅಭಿರುಚಿಯ ಶಾಕುಂತಲ. ಮುಗ್ಧೆ, ಪ್ರಕೃತಿಯ ಕೂಸು, ಜಿಂಕೆಮರಿ ಸಾಕಿದ ಹುಡುಗಿ. ಸಭೆಯಲ್ಲಿ ರಾಜನಿಗೆ ಎದುರುತ್ತರ ಕೊಟ್ಟ ಹೆಣ್ಣು ಹಿಂದೆ ಸರಿದು, ಕಾಲಿಗೆ ಮುಳ್ಳು ಚುಚ್ಚಿದ ನೆಪದಲ್ಲಿ ಹಿಂತಿರುಗಿ ನೋಡುವ ರವಿವರ್ಮನ ಹುಡುಗಿ ಮುಂದೆ ಬಂದಿದ್ದಾಳೆ.

ಸಾರಾಂಶದ ತಾಣಗಳು ಹೆಚ್ಚು ಹಾನಿ ಮಾಡೋದು ಇಲ್ಲೇ. ‘ದೂರ್ವಾಸರ ಶಾಪದಿಂದ ದುಷ್ಯಂತ ಮರೆತ, ಉಂಗುರ ಸಿಕ್ಕ ಮೇಲೆ ನೆನಪಾಯಿತು’ ಅಂತ ಒಂದೇ ಸಾಲಿನಲ್ಲಿ ಬರೆದುಬಿಟ್ಟರೆ ದುಷ್ಯಂತ ನಿರಪರಾಧಿ, ಕೇಸ್ ಕ್ಲೋಸ್. ನಾಟಕ ಹಾಗೆ ಹೇಳುತ್ತದೆಯೇ? ಐದನೇ ಅಂಕ ಶುರುವಾಗುವುದು ಹಂಸಪದಿಕೆಯ ಹಾಡಿನಿಂದ. ಅವಳು ರಾಜ ಒಮ್ಮೆ ಪ್ರೀತಿಸಿ ಮರೆತ ಹೆಣ್ಣು. ಹೊಸ ಜೇನಿಗೆ ಆಸೆಪಟ್ಟು ಮಾವಿನ ಹೂವನ್ನು ಮರೆತ ದುಂಬಿಯ ಬಗ್ಗೆ ಒಳಗಿನಿಂದ ಹಾಡುತ್ತಾಳೆ. ಪ್ರಾಕೃತದಲ್ಲಿ! ಅವಳನ್ನು ಮರೆಯೋಕೆ ಯಾವ ಋಷಿಯೂ ಶಾಪ ಕೊಟ್ಟಿರಲಿಲ್ಲ. ಮೊದಲ ಅಂಕದಲ್ಲಿ ಶಕುಂತಲೆಯ ಮುಖದ ಸುತ್ತ ಸುಳಿದು, ರಾಜನಿಗೇ ಹೊಟ್ಟೆಕಿಚ್ಚು ತಂದ ದುಂಬಿಯನ್ನು ಇದರ ಪಕ್ಕ ಇಟ್ಟು ನೋಡಿ. ಶಾಪ ಮಾಡಿದ ಕೆಲಸದ ಬೀಜ ಮನುಷ್ಯನ ಸ್ವಭಾವದಲ್ಲೇ ಇತ್ತು ಅಂತ ಕವಿ ಸೂಚಿಸುತ್ತಿದ್ದಾನೆ ಎನ್ನುವ ಅರ್ಥವನ್ನು ರವೀಂದ್ರನಾಥ ಠಾಕೂರರು ತಮ್ಮ ‘ಪ್ರಾಚೀನ ಸಾಹಿತ್ಯ’ದ ಪ್ರಬಂಧದಲ್ಲಿ ಎತ್ತಿ ತೋರಿಸಿದರು. ಜದುನಾಥ ಸರ್ಕಾರರು ಅದನ್ನು ಇಂಗ್ಲಿಷಿಗೆ ತಂದಿದ್ದಾರೆ. ಹತ್ತು ಸಾರಾಂಶದ ಬದಲು ಆ ಒಂದು ಪ್ರಬಂಧ ಓದಿದರೆ ಸಾಕು. ಠಾಕೂರರ ಎಲ್ಲ ಮಾತನ್ನೂ ನಾನು ಒಪ್ಪಲಾರೆ. ಶಕುಂತಲೆಯ ದುಃಖವನ್ನು ಅವರು ತಪಸ್ಸಾಗಿ, ಶುದ್ಧೀಕರಣವಾಗಿ ನೋಡುವುದು ನನಗೆ ಹಿಡಿಸುವುದಿಲ್ಲ. ಶುದ್ಧಿ ಬೇಕಾಗಿದ್ದದ್ದು ಅವಳಿಗಲ್ಲ. ಆದರೆ ಅವರು ನಾಟಕದ ಒಳಗೇ ನಿಂತು ಓದಿದವರು, ಅದು ಮುಖ್ಯ.

ಜೊತೆಗೆ ಮಹಾಭಾರತದ ಆದಿಪರ್ವದ ಶಕುಂತಲೋಪಾಖ್ಯಾನವನ್ನೂ ಓದಬೇಕು. ಕಿಸರಿ ಮೋಹನ ಗಂಗೂಲಿಯವರ ಇಂಗ್ಲಿಷ್ ಮಹಾಭಾರತ ಪುಕ್ಕಟೆ ಸಿಗುತ್ತದೆ. ಅಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ. ಮಗನನ್ನು ಕೈಹಿಡಿದು ತಂದ ಶಕುಂತಲೆ ಸಭೆಯಲ್ಲಿ ಪುಟಗಟ್ಟಲೆ ವಾದ ಮಾಡುತ್ತಾಳೆ. ಸತ್ಯ ಸಾವಿರ ಅಶ್ವಮೇಧಕ್ಕಿಂತ ತೂಕದ್ದು ಅಂತ ರಾಜನಿಗೇ ಪಾಠ ಹೇಳುತ್ತಾಳೆ. ಆಕಾಶವಾಣಿ ಆದ ಮೇಲೆ ರಾಜ, ನನಗೆ ಗೊತ್ತಿತ್ತು, ಜನ ಒಪ್ಪಲಿ ಅಂತ ಹಾಗಂದೆ ಅನ್ನುತ್ತಾನೆ. ಈ ಹೆಣ್ಣು ಯಾಕೆ ಕಾಳಿದಾಸನಲ್ಲಿ ಮೆತ್ತಗಾದಳು, ಬ್ರಿಟಿಷರ ಕಾಲದ ಅನುವಾದಗಳಲ್ಲಿ ಇನ್ನಷ್ಟು ಮೆತ್ತಗಾದಳು ಅನ್ನುವುದನ್ನು ರೋಮಿಲಾ ಥಾಪರ್ 1999ರ ‘ಶಕುಂತಲಾ’ ಪುಸ್ತಕದಲ್ಲಿ ಹಂತಹಂತವಾಗಿ ತೋರಿಸಿದ್ದಾರೆ. ಪುಕ್ಕಟೆ ಅಲ್ಲ. ಆದರೆ ಈ ನಾಟಕಕ್ಕೆ ಒಂದೇ ಒಂದು ಪುಸ್ತಕ ಕೊಳ್ಳೋದಾದರೆ ಇದನ್ನೇ ಕೊಳ್ಳಿ ಅಂತೀನಿ.

ಕನ್ನಡದಲ್ಲಿ ಏನಿದೆ? ಯೂಟ್ಯೂಬಿನಲ್ಲಿ ಹುಡುಕಿದರೆ ನಮಗೆ ಮೊದಲು ಕಾಣೋ ದುಷ್ಯಂತ ರಾಜಕುಮಾರ್. 1983ರ ‘ಕವಿರತ್ನ ಕಾಳಿದಾಸ’. ಅಣ್ಣಾವ್ರ ಆ ಮಾತಿನ ಗತ್ತು ನನಗೂ ಇಷ್ಟವೇ, ಆದರೆ ಅದು ಕಾಳಿದಾಸನ ದಂತಕಥೆಯ ಸಿನಿಮಾ, ಶಾಕುಂತಲ ಅದರಲ್ಲಿ ಒಂದು ಭಾಗ ಮಾತ್ರ. ನಾಟಕವಾಗಿ ಶಾಕುಂತಲ ಕನ್ನಡಕ್ಕೆ ಬಂದದ್ದು ಹತ್ತೊಂಬತ್ತನೇ ಶತಮಾನದಲ್ಲೇ. ಒಂದು ಕಡೆ ಮೈಸೂರಿನ ಆಸ್ಥಾನದ ಬಸವಪ್ಪ ಶಾಸ್ತ್ರಿಗಳು. ‘ಅಭಿನವ ಕಾಳಿದಾಸ’ ಎಂಬ ಬಿರುದು ಪಡೆದವರು. ಅವರದು ಅರಮನೆಗೆ ಒಪ್ಪುವ ಪ್ರೌಢ ಕನ್ನಡ. ಇನ್ನೊಂದು ಕಡೆ, ಅದಕ್ಕೂ ಮೊದಲೇ, ಉತ್ತರ ಕರ್ನಾಟಕದ ಚುರಮುರಿ ಶೇಷಗಿರಿರಾಯರು. ಧಾರವಾಡದ ಕಡೆಯ ಆಡುಮಾತನ್ನು ಶಾಕುಂತಲಕ್ಕೆ ತಂದವರು ಅಂತ ಸಾಹಿತ್ಯ ಚರಿತ್ರೆಯಲ್ಲಿ ಅವರ ಹೆಸರಿದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ ಆಡಿಸಿ ಮರಾಠಿ ರಂಗಭೂಮಿಯನ್ನೇ ಬದಲಿಸಿದ್ದು ಆಮೇಲಿನ ಕಥೆ. ಬೆಸ್ತನಿಗೆ ಅವನ ಊರಿನ ಮಾತನ್ನೇ ಕೊಡಬೇಕು ಅನ್ನೋ ತಿಳಿವಳಿಕೆ ನಮ್ಮಲ್ಲಿ ಆಗಲೇ ಇತ್ತು ಅಂತಾಯಿತು. “ನಾ ಕದ್ದಿಲ್ರೀ ಸಾಹೇಬ್ರ, ಬಡವ ಅದೀನ್ರಿ” ಅಂತ ಬೆಸ್ತ ಅಂದರೆ ಅದು ಅವನಿಗೆ ಅವಮಾನ ಅಲ್ಲ. ಮಾಗಧಿಗೆ ಅದಕ್ಕಿಂತ ನಿಯತ್ತಿನ ಅನುವಾದ ಬೇರೆ ಇಲ್ಲ.

ಹೊಸಗನ್ನಡದಲ್ಲಿ ಕಾಳಿದಾಸನನ್ನು ಪೂರ್ತಿಯಾಗಿ ತಂದವರು ಎಸ್.ವಿ. ಪರಮೇಶ್ವರ ಭಟ್ಟರು. ಅವರು ತೀರಿಕೊಂಡದ್ದು 2000ದಲ್ಲಿ. ಲೇಖಕರ ನಂತರ 60 ವರ್ಷ ಕಾಪಿರೈಟ್ ಅನ್ನುವ ನಮ್ಮ ಕಾನೂನಿನ ಪ್ರಕಾರ 2060 ಮುಗಿಯುವವರೆಗೂ ಅದು ಮುಕ್ತವಾಗಿ ಸಿಗೋ ಹಾಗಿಲ್ಲ. ಅಂಗಡಿಯಲ್ಲೋ ಹಳೆ ಪುಸ್ತಕದ ಗುಡ್ಡೆಯಲ್ಲೋ ಹುಡುಕಬೇಕು. ಮುಕ್ತವಾಗಿರುವ ಹಳೆಯ ಕನ್ನಡ ಪುಸ್ತಕಗಳನ್ನು ಕನ್ನಡ ಲಿಪಿಯಲ್ಲೇ ಹುಡುಕುವ ಹಾಗೆ ಮಾಡಿದ ‘ಪುಸ್ತಕ ಸಂಚಯ’, ಬೆಂಗಳೂರಿನಲ್ಲಿ ಕೂತು ಸ್ಕ್ಯಾನ್ ಮಾಡಿ ಆರ್ಕೈವ್‌ಗೆ ಏರಿಸುತ್ತಿರುವ ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಸಂಗ್ರಹ, ಇವು ನಮ್ಮ ಕಾಲದ ದೊಡ್ಡ ಕೆಲಸಗಳು. ಆದರೆ ಸ್ಕ್ಯಾನ್ ಬೇರೆ, ಓದಲು ಸಿದ್ಧವಾದ ಪಠ್ಯ ಬೇರೆ. ಮೂಲ, ಪ್ರಾಕೃತ, ಕನ್ನಡ ಅನುವಾದ, ಟಿಪ್ಪಣಿ ನಾಲ್ಕೂ ಒಂದೇ ಪರದೆಯಲ್ಲಿ, ಪಾಠಾಂತರದ ಗುರುತಿನೊಂದಿಗೆ ಇರುವ ಕನ್ನಡ ಶಾಕುಂತಲ ನನಗೆ ಎಲ್ಲೂ ಕಂಡಿಲ್ಲ. ತಾಂತ್ರಿಕವಾಗಿ ಇದು ಕಷ್ಟದ ಕೆಲಸವೇ ಅಲ್ಲ. ನಾವು ದಿನಾ ಆಫೀಸಿನಲ್ಲಿ ಇದಕ್ಕಿಂತ ಜಟಿಲವಾದದ್ದನ್ನು ಯಾರದೋ ಶಾಂಪೂ ಮಾರಲಿಕ್ಕಾಗಿ ಮಾಡುತ್ತೇವೆ.

ಕೊನೆಗೆ ಎಐ ಚಾಟ್‌ಬಾಟ್‌ಗಳ ಮಾತು. ಬೆಸ್ತನ ದೃಶ್ಯದ ಮೂಲ ಕೊಡು ಅಂತ ಒಂದಕ್ಕೆ ಕೇಳಿ ನೋಡಿದೆ. ಸೊಗಸಾಗಿ ಸಂಸ್ಕೃತದಲ್ಲಿ ಕೊಟ್ಟಿತು. ಇದು ಪ್ರಾಕೃತದಲ್ಲಿ ಇರಬೇಕಲ್ಲ ಅಂದರೆ, ಕ್ಷಮಿಸಿ ಅಂತ ಹೇಳಿ ‘ಪ್ರಾಕೃತ’ ಕೊಟ್ಟಿತು. ಕಾಳೆಯವರ ಪುಸ್ತಕದ ಪಕ್ಕ ಇಟ್ಟು ನೋಡಿದರೆ ಅದರಲ್ಲಿ ‘ರ’ಕಾರಗಳು ಹಾಗೇ ಇದ್ದವು! ಮಾಗಧಿಯ ವೇಷ ಹಾಕಿದ ಸಂಸ್ಕೃತ. ಅದರ ಮೇಲೆ ನನಗೆ ಸಿಟ್ಟಿಲ್ಲ. ನೆಟ್ಟಿನಲ್ಲಿ ನಾವು ಏನು ತುಂಬಿಟ್ಟಿದ್ದೇವೋ ಅದನ್ನೇ ಅದು ವಾಪಸ್ ಕೊಡುತ್ತದೆ. ಬೆಸ್ತನ ಮಾತನ್ನು ಅಳಿಸಿದವರು ಮೊದಲು ಮನುಷ್ಯರೇ. ಒಂದು ಪದ ಬಿಡಿಸಲು, ಒಂದು ಟಿಪ್ಪಣಿ ಅರ್ಥ ಮಾಡಿಕೊಳ್ಳಲು ಚಾಟ್‌ಬಾಟ್ ಒಳ್ಳೆಯ ಜೊತೆಗಾರ. ಆದರೆ ಪಠ್ಯಕ್ಕೆ ಅದನ್ನು ಸಾಕ್ಷಿ ಮಾಡಿಕೊಳ್ಳಬಾರದು.

ಇಷ್ಟೆಲ್ಲ ಓದಿ ‘ಹಾಗಾದರೆ ಎಲ್ಲಿಂದ ಶುರು ಮಾಡಲಿ’ ಅಂತ ಕೇಳುವವರಿಗೆ: ಆರ್ಕೈವ್‌ನಿಂದ ಕಾಳೆಯವರ ಪುಸ್ತಕ ಇಳಿಸಿಕೊಳ್ಳಿ. ಆರನೇ ಅಂಕದ ಪ್ರವೇಶಕ ತೆಗೆಯಿರಿ. ಬರೀ ನಾಲ್ಕೈದು ಪುಟ. ಛಾಯೆಯನ್ನು ಕೈಯಲ್ಲಿ ಮುಚ್ಚಿಕೊಂಡು ಬೆಸ್ತನ ಮಾತನ್ನು ಒಮ್ಮೆ ಗಟ್ಟಿಯಾಗಿ ಓದಿ. ಅರ್ಥ ಆಮೇಲೆ ನೋಡಿದರಾಯಿತು. ಆಮೇಲೆ ಐದನೇ ಅಂಕಕ್ಕೆ ಹೋಗಿ ಶಕುಂತಲೆ ಏನಂದಳು, ಯಾವ ಮಾತಿನಲ್ಲಿ ಅಂದಳು ನೋಡಿ. ನಾಲ್ಕನೇ ಅಂಕದ ನಾಲ್ಕು ಶ್ಲೋಕ ಎಲ್ಲಿಗೂ ಓಡಿಹೋಗಲ್ಲ, ಅವನ್ನು ಕಾಯುವವರು ಬೇಕಾದಷ್ಟು ಜನ ಇದ್ದಾರೆ.